ಮನೆಯಲ್ಲೇ ಸತ್ಯವೇದ ಓದಿದರೆ ಸಾಲದೇ?

ಸತ್ಯವೇದ (ಬೈಬಲ್) ಮನೆಯಲ್ಲಿದೆ, ಮೊಬೈಲಿನಲ್ಲಿದೆ, ಬೋಧಕರ ಪ್ರಸಂಗಗಳು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಹೀಗಿರುವಾಗ ವಿಶ್ವಾಸದಲ್ಲಿ ಬೆಳೆಯಲು ಸಭೆಗೇ (ಚರ್ಚಿಗೇ) ಬಂದು ಕುಳಿತು ಪಾಠ ಕೇಳಬೇಕೇ? ಮಂಡ್ಯದ ನಮ್ಮ ಸಭೆಯಲ್ಲಿ ಬುಧವಾರ ಸಂಜೆಯ ಬೈಬಲ್ ಅಧ್ಯಯನಕ್ಕೆ ನೆರವಾಗುವ ನನ್ನನ್ನು, ಕೆಲಸದ ನಿಮಿತ್ತ ಬೆಂಗಳೂರು ಸೇರಿರುವ ನಮ್ಮ ಯುವಕರು ಊರಿಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು.

ಮನೆಯ ಓದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಒಬ್ಬರೇ ಓದುವಾಗ ನಾವು ನಮಗೆ ಹಿತವಾದ ಭಾಗಗಳಿಗೇ ಮತ್ತೆ ಮತ್ತೆ ಮರಳುತ್ತೇವೆ. ಸಭೆಯಲ್ಲಿ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ ಆ ಆಯ್ಕೆ ನಮ್ಮ ಕೈಯಲ್ಲಿ ಇರುವುದಿಲ್ಲ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಹಂಚುವ, ಒಂದೊಂದು ವಚನವಿರುವ ವಾಗ್ದಾನದ ಕಾರ್ಡುಗಳನ್ನೇ ನೋಡಿ. ದೇವರು ನಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಇಟ್ಟಿದ್ದಾನೆ ಎನ್ನುವ ಯೆರೆಮೀಯ 29:11 ಅದೆಷ್ಟು ಮನೆಗಳ ಗೋಡೆಯ ಮೇಲಿದೆಯೋ! ಅದು ಸೆರೆಯಾಗಿ ಬಾಬೆಲಿಗೆ (ಬ್ಯಾಬಿಲೋನಿಗೆ) ಹೋದವರಿಗೆ ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಬರೆದ ಪತ್ರದ ಒಂದು ಸಾಲು. ಅದರ ಹಿಂದಿನ ವಚನದಲ್ಲೇ ಬಿಡುಗಡೆಗೆ 70 ವರ್ಷ ಕಾಯಬೇಕೆಂದಿದೆ. ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಸಾರಿದ್ದ ಹನನ್ಯನನ್ನು ಹಿಂದಿನ ಅಧ್ಯಾಯವೇ ಸುಳ್ಳು ಪ್ರವಾದಿ ಎಂದು ತೋರಿಸುತ್ತದೆ. ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಬಹುಮಂದಿ ಆ ಬಿಡುಗಡೆಯನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಇಷ್ಟನ್ನೂ ತಿಳಿದ ಮೇಲೆ ಆ ವಾಗ್ದಾನದ ತೂಕವೇ ಬೇರೆಯಾಗುತ್ತದೆ.

ಯಾಕೋಬನ ಪತ್ರಿಕೆಯನ್ನು ನಾವು ಓದಿದಾಗ ನಡೆದದ್ದನ್ನು ಹೇಳಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾದೀತು. ಐದನೆಯ ಅಧ್ಯಾಯದ ನಾಲ್ಕನೆಯ ವಚನ, ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತದೆ. ಈ ವಚನವನ್ನು ವಾಗ್ದಾನದ ಕಾರ್ಡಿನಲ್ಲಿ ನಾನು ಕಂಡಿಲ್ಲ. ಓದಿದ ಮೇಲೆ ಕೆಲಹೊತ್ತು ಯಾರೂ ಮಾತನಾಡಲಿಲ್ಲ, ಏಕೆಂದರೆ ಅಲ್ಲಿ ಕಬ್ಬಿನ ಗದ್ದೆ ಇದ್ದವರೂ ಇದ್ದರು, ಕೂಲಿಗೆ ಕಬ್ಬು ಕಡಿಯುವ ಮನೆಯವರೂ ಇದ್ದರು. ಕೊನೆಗೆ ಒಬ್ಬ ಹಿರಿಯರು, "ಅಯ್ಯನೋರೆ, ಫ್ಯಾಕ್ಟರಿಯೋರು ಬಿಲ್ಲು ಕೊಡೋಗಂಟ ನಾವಾದ್ರೂ ಎಲ್ಲಿಂದ ತಂದು ಕೊಡೋದು?" ಎಂದರು. ನ್ಯಾಯವಾದ ಪ್ರಶ್ನೆಯೇ. ಸಭಾಪಾಲಕರು ಅದಕ್ಕೆ ನೇರವಾಗಿ ಉತ್ತರಿಸದೆ ಯಾಜಕಕಾಂಡ 19:13ನ್ನೂ ಧರ್ಮೋಪದೇಶಕಾಂಡ 24:15ನ್ನೂ ತೆಗೆಸಿದರು: ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಬಳಿ ಇರಬಾರದು, ಹೊತ್ತು ಮುಳುಗುವ ಮೊದಲೇ ಕೊಡಬೇಕು. ಬಿಲ್ಲು ಬಾರದಿದ್ದರೂ ವಾರದ ಬಟವಾಡೆಯನ್ನು ಮೊದಲು ತೀರಿಸುವುದು ಹೇಗೆಂಬ ಚರ್ಚೆ ಆರಾಧನಾಲಯದ ಬಾಗಿಲು ಹಾಕುವವರೆಗೂ ನಡೆಯಿತು. ಇದೇ ವಚನವನ್ನು ನಾನು ಮನೆಯಲ್ಲಿ ಒಬ್ಬನೇ ಓದಿದ್ದರೆ ಅದು ಯಾರೋ ಶ್ರೀಮಂತರಿಗೆ ಹೇಳಿದ ಮಾತೆಂದು ಪುಟ ತಿರುಗಿಸಿಬಿಡುವುದು ಸುಲಭವಿತ್ತು.

ಯೂಟ್ಯೂಬಿನ ಪ್ರಸಂಗಗಳಲ್ಲಿ ಒಳ್ಳೆಯವು ಇವೆ, ನಾನೂ ಕೇಳುತ್ತೇನೆ. ಆದರೆ ಪ್ರಸಂಗಿಗೆ ನೀವು ಯಾರೆಂದು ತಿಳಿಯದು, ನಿಮ್ಮ ಪ್ರಶ್ನೆ ಅವರನ್ನು ಮುಟ್ಟುವುದೂ ಕಷ್ಟ. ಅಪೊಸ್ತಲರ ಕೃತ್ಯಗಳು ಎಂಟನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ಅರಮನೆಯ ಅಧಿಕಾರಿಯೊಬ್ಬ, ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿರುತ್ತಾನೆ. ಓದುತ್ತಿರುವುದು ತಿಳಿಯುತ್ತದೆಯೇ ಎಂದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು ಕೇಳಿದಾಗ, ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ತಿಳಿದೀತು ಎಂದು ಅವನನ್ನು ಹತ್ತಿಸಿಕೊಂಡು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ.

ಸಭೆಗಳ ಬೋಧನೆಯೆಲ್ಲ ಚೆನ್ನಾಗಿದೆ ಎಂದು ನಾನು ವಾದಿಸುತ್ತಿಲ್ಲ. ಒಂದು ವಚನ ಓದಿ, ಅದನ್ನು ಅಲ್ಲೇ ಬಿಟ್ಟು, ಮುಕ್ಕಾಲು ಗಂಟೆ ಸಾಕ್ಷಿಗಳನ್ನೂ ಕಥೆಗಳನ್ನೂ ಹೇಳುವ ಪ್ರಸಂಗಗಳನ್ನು ನಾವೆಲ್ಲರೂ ಕೇಳಿದ್ದೇವೆ. (ಪ್ರಕಟಣೆಗಳೇ ಪ್ರಸಂಗಕ್ಕಿಂತ ಉದ್ದವಾದ ಭಾನುವಾರಗಳ ಮಾತು ಬೇರೆ.) ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಮಾತನ್ನೇ ದಿನದಿನವೂ ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು, ಅದಕ್ಕಾಗಿ ಅವರನ್ನು ಕೃತ್ಯಗಳ ಪುಸ್ತಕ ಹೊಗಳುತ್ತದೆ, ಹಾಗೆ ಪರೀಕ್ಷಿಸುವುದು ಪಾಲಕರಿಗೆ ಅಗೌರವವೆಂದು ತಿಳಿಯುವ ಸಭೆಯಲ್ಲಿ ಬೆಳೆಯುವುದು ಕಷ್ಟ. ಪುಸ್ತಕ ತೆರೆದಿಟ್ಟುಕೊಂಡು ಕೇಳುವ, ಅರ್ಥವಾಗದ್ದನ್ನು ಕೇಳಲು ಸಂಕೋಚಪಡದ ಕೂಟವನ್ನು ಹುಡುಕಿ. ಬೆಂಗಳೂರಿನಲ್ಲಿದ್ದರೆ ಅಲ್ಲೇ ಹತ್ತಿರದ ಕನ್ನಡ ಸಭೆಗೆ ಹೋಗಿ. ಪ್ರತಿ ವಾರ ಮಂಡ್ಯಕ್ಕೆ ಬರಬೇಕೆಂದೇನೂ ಇಲ್ಲ. ಊರಿಗೆ ಬಂದಾಗ ನಮ್ಮೊಡನೆ ಕೂರುವುದಾದರೆ, ಮುಂದೆ ನಾವು ಓದಲಿರುವುದು ಫಿಲೆಮೋನನಿಗೆ ಬರೆದ ಪತ್ರಿಕೆ. ಒಟ್ಟು 25 ವಚನ, ಬಸ್ಸಿನಲ್ಲೇ ಓದಿ ಮುಗಿಸಬಹುದು.