ಪನೀರಿನ ಮೈಗೆ ಕೊನೆಗೂ ಹತ್ತಿದ ಲೇಪನ

ಹನ್ನೊಂದನೇ ಸುತ್ತಿನ ಪನೀರನ್ನು ಇಂದು ಬೆಳಿಗ್ಗೆ ಫ್ರಿಜ್‌ನಿಂದ ತೆಗೆದೆ. ಬೇಗ ಕೆಡದಿರಲೆಂದು ಹಚ್ಚಿದ, ತಿನ್ನಬಹುದಾದ ಲೇಪನ ಉಗುರಿನಿಂದ ಕೆರೆದರೂ ಏಳಲಿಲ್ಲ! ಮೂರು ತಿಂಗಳು ಕಾಡಿದ್ದು ಇದೊಂದೇ. ಎರಡನೇ ದಿನಕ್ಕೆ ಆಲ್ಜಿನೇಟ್ (ಕಡಲಕಳೆಯಿಂದ ತೆಗೆದ, ಕ್ಯಾಲ್ಸಿಯಂ ತಾಗಿದರೆ ಗಟ್ಟಿಯಾಗುವ ಅಂಟು) ಪದರ ಹಾವಿನ ಪೊರೆಯಂತೆ ಕಳಚಿಕೊಳ್ಳುತ್ತಿತ್ತು, ಅದರ ಒಳಗೆ ಹಾಲೊಡಕು ತುಂಬಿರುತ್ತಿತ್ತು.

ಹಾಲು ಒಡೆಸಿ, ಒತ್ತಿ, ಕತ್ತರಿಸುವ ಕೆಲಸ ನಿಮಗೆಲ್ಲ ಗೊತ್ತಿರುವುದೇ, ಬಿಡುತ್ತೇನೆ.

ಮೊದಲು ಅನುಮಾನ ಬಂದದ್ದು ನೀರಿನ ಮೇಲೆ. ಬನಶಂಕರಿ ಆರನೇ ಹಂತದ ನಮ್ಮ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರು. ಅದರ ಕ್ಯಾಲ್ಸಿಯಂ ಪಾತ್ರೆಯಲ್ಲೇ ಆಲ್ಜಿನೇಟನ್ನು ಗಂಟುಗಂಟಾಗಿಸುತ್ತಿತ್ತು. ಆರ್‌ಒ ನೀರು ಬಳಸಿದ ಮೇಲೆ ದ್ರಾವಣ ನಯವಾಯಿತು, ಪದರ ಮಾತ್ರ ಕಳಚುತ್ತಲೇ ಇತ್ತು. ಪದರ ಬಿರುಸಾಗದಿರಲೆಂದು ಬೆರೆಸುವ ಗ್ಲಿಸರಾಲ್ ಹೆಚ್ಚಿಸಿದೆ. ಪದರ ಮೆತ್ತಗಾಯಿತೇ ಹೊರತು ಅಂಟಲಿಲ್ಲ.

ಕಳೆದ ವಾರ ಒಂದು ತುಂಡನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ ದೀಪದ ಕೆಳಗೆ ಹಿಡಿದಾಗ ಕಾರಣ ಕಂಡಿತು. ಹೊರಮೈ ಗಟ್ಟಿ, ಪನೀರಿಗೆ ತಾಗಿದ ಭಾಗ ಇನ್ನೂ ಲೋಳೆ. ನಾನು ಆಲ್ಜಿನೇಟಿನಲ್ಲಿ ಅದ್ದಿದ ಮೇಲೆ ಕ್ಯಾಲ್ಸಿಯಂ ಲವಣ ಕರಗಿಸಿದ ನೀರಿನಲ್ಲಿ ಮುಳುಗಿಸುತ್ತಿದ್ದೆ. ಕ್ಯಾಲ್ಸಿಯಂ ಹೊರಗಿನಿಂದ ಒಳಕ್ಕೆ ಹೋಗುತ್ತದೆ, ಹೊರಪದರ ಮೊದಲು ಬಿಗಿದು ಕುಗ್ಗುತ್ತದೆ. ಪನೀರಿನಲ್ಲಿ ತೇವಾಂಶವೇ ಅರ್ಧಕ್ಕಿಂತ ಹೆಚ್ಚು, ಜಿನುಗಿದ ನೀರಿಗೆ ಆ ಸಡಿಲು ಜಾಗವೇ ಮನೆಯಾಯಿತು.

ಕ್ರಮವನ್ನೇ ತಿರುಗಿಸಿದೆ. ಪನೀರನ್ನು ಮೊದಲು 1% ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣದಲ್ಲಿ ಎರಡು ನಿಮಿಷ ಇಟ್ಟು, ಮೈಯ ಹೊಳಪು ಹೋಗುವವರೆಗೆ ಬಟ್ಟೆಯ ಮೇಲೆ ಫ್ಯಾನಿನಡಿ ಆರಿಸಿ, ಆಮೇಲೆ 2% ಆಲ್ಜಿನೇಟಿನಲ್ಲಿ ಅದ್ದಿದೆ. ಕೊನೆಗೆ ಮತ್ತೊಂದು ಚಿಕ್ಕ ಕ್ಯಾಲ್ಸಿಯಂ ಮುಳುಗು. ಈಗ ಹೆಪ್ಪುಗಟ್ಟುವಿಕೆ ಪನೀರಿನ ರಂಧ್ರಗಳಿಂದಲೇ ಹೊರಟು ಕಚ್ಚಿಕೊಳ್ಳುತ್ತದೆ.

ಲ್ಯಾಕ್ಟೇಟಿಗೆ ಬಂದದ್ದು ಒಬ್ಬ ವ್ಯಾಪಾರಿಯ ಮೇಲಿನ ಸಿಟ್ಟಿನಿಂದ. ತಿನ್ನಲು ಯೋಗ್ಯವಾದ ಕ್ಯಾಲ್ಸಿಯಂ ಕ್ಲೋರೈಡ್ ಕೇಳಿದರೆ, ಬೀರುವಿನ ತೇವ ಹೀರಲು ಇಡುವ ಮಾಲು ಕಳುಹಿಸಿ, ಫೋನಿನಲ್ಲಿ "ಎರಡೂ ಒಂದೇ ಮೇಡಂ" ಎಂದರು. ಒಂದೇ ಅಲ್ಲ! ಬಾಯಿಗೆ ಹೋಗುವ ವಸ್ತುವಿನ ವಿಷಯದಲ್ಲಿ ಈ ಉಡಾಫೆಯನ್ನು ನಾನು ಕ್ಷಮಿಸಲಾರೆ. ಸರಿಯಾದ ಕ್ಲೋರೈಡ್ ಬೇರೆ ಕಡೆ ಸಿಕ್ಕಿತು, ಆದರೆ ಆ ಪನೀರು ತಿಂದ ಅಮ್ಮ "ಕಹಿ ಕಣೇ" ಎಂದು ತಟ್ಟೆ ಸರಿಸಿದರು. ಲ್ಯಾಕ್ಟೇಟಿನಲ್ಲಿ ಆ ಕಹಿ ನಾಲಿಗೆಗೆ ತಾಗುವುದಿಲ್ಲ.

ಲೇಪನವಿಲ್ಲದ ತುಂಡು ಐದನೇ ದಿನ ಲೋಳೆಗಟ್ಟಿ ಹುಳಿ ವಾಸನೆ ಹೊಡೆಯಿತು. ಲೇಪಿಸಿದ್ದು ಎಂಟನೇ ದಿನವೂ ಮೃದುವಾಗಿತ್ತು. ಆಲ್ಜಿನೇಟ್ ತೇವವನ್ನು ತಡೆಯುವ ಗೋಡೆಯಲ್ಲ. ಮೊದಲು ತಾನು ಒಣಗುತ್ತದೆ, ಪನೀರಿನ ಸರದಿ ಆಮೇಲೆ. ಆ ಗುಣಕ್ಕಾಗಿಯೇ ಈ ಕಡಲಕಳೆ ನನಗೆ ಇಷ್ಟ. ಆಲ್ಜಿನೇಟ್ ಕೊಡುವ ಸರ್ಗಾಸಂ ಎಂಬ ಕಡಲಕಳೆ ತಮಿಳುನಾಡಿನ ಮಂಡಪಂ ತೀರದಲ್ಲೇ ಬೆಳೆಯುತ್ತದೆ, ಆದರೂ ನನ್ನ ಪೊಟ್ಟಣದ ಮೇಲೆ ಊರಿನ ಹೆಸರೇ ಇಲ್ಲ.

ಅಂದ ಹಾಗೆ, ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ಕಾಲು ಕಿಲೋ ಕಾಮಕಸ್ತೂರಿ ಬೀಜ ತಂದಿದ್ದೇನೆ. ಪಾನಕದಲ್ಲಿ ಉಬ್ಬುವ ಆ ಲೋಳೆಯೂ ಒಣಗಿದರೆ ಪೊರೆ ಕಟ್ಟುತ್ತದೆ. ಬೀಜದಿಂದ ಲೋಳೆಯನ್ನು ಬಿಡಿಸುವುದೇ ಕಷ್ಟ; ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ ನೋಡಬೇಕು. ಒಂದು ಹಿಡಿ ಈಗಾಗಲೇ ನೆನೆಯುತ್ತಿದೆ.