ಜೀರುಂಡೆಗಳು ಸುಮ್ಮನಾದ ಬೆಳಿಗ್ಗೆ

ನಾನು ಕೆಲಸ ಮಾಡುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಬದಿಗಿರುವ ಒಂದು ಹುಳು ಸಾಕಣೆಯ ಶೆಡ್ಡಿನಲ್ಲಿ. ರೇಷ್ಮೆ ಅಲ್ಲ, ಜೇನೂ ಅಲ್ಲ. ಮೀನಿಗೂ ಹಕ್ಕಿಗೂ ಆಹಾರವಾಗುವ ಜೀರುಂಡೆ ಮತ್ತು ಹಿಟ್ಟಿನ ಹುಳು. ಅಂಗಡಿಯವರ ಮಾತಿನಲ್ಲಿ ಕ್ರಿಕೆಟ್ ಮತ್ತು ಮೀಲ್‌ವರ್ಮ್. ಮನೆಯಲ್ಲಿ ಅರೊವಾನ ಮೀನು ಸಾಕುವವರು, ಫಿಂಚ್ ಹಕ್ಕಿಗಳನ್ನು ಮರಿ ಮಾಡಿಸುವವರು ಮಂಗಳೂರಿನಿಂದಲೂ ಕಣ್ಣೂರಿನಿಂದಲೂ ನಮ್ಮಲ್ಲಿ ಕೊಳ್ಳುತ್ತಾರೆ. ಡಬ್ಬ ತುಂಬಿಸಿ ಬಸ್ಸಿನಲ್ಲಿ ಪಾರ್ಸೆಲ್ ಹಾಕುವುದು, ಮೊಟ್ಟೆ ಇಡಿಸುವುದು, ಮೇವು ಹಾಕುವುದು ಎಲ್ಲ ನನ್ನ ಪಾಲಿನದು.

ಜೀರುಂಡೆ ಶೆಡ್ಡಿನಲ್ಲಿ ಕೆಲಸ ಮಾಡುವವರ ಕಿವಿಗೆ ಒಂದು ಸದ್ದು ಅಂಟಿಕೊಂಡಿರುತ್ತದೆ. ಗಂಡು ಹುಳುಗಳು ರೆಕ್ಕೆ ಉಜ್ಜಿ ಹೊರಡಿಸುವ ಆ ಕಿರ್ ಸದ್ದು ಬೀಗಕ್ಕೆ ಕೀಲಿಕೈ ಹಾಕುವ ಮೊದಲೇ ಕೇಳಿಸುತ್ತದೆ. ಎರಡು ವರ್ಷದ ಹಿಂದೆ, ಸೋಣ ತಿಂಗಳ ಒಂದು ಬೆಳಿಗ್ಗೆ ಅದು ಕೇಳಿಸಲಿಲ್ಲ. ರಾತ್ರಿಯಿಡೀ ಮಳೆ ಸುರಿದಿತ್ತು. ಕರೆಂಟು ಹೋಗಿ ಬಲ್ಬು ಆರಿರಬೇಕು, ಚಳಿಗೆ ಸುಮ್ಮನಾಗಿರಬೇಕು ಎಂದುಕೊಂಡು ಬಾಗಿಲು ತೆರೆದೆ. ಬಲ್ಬು ಉರಿಯುತ್ತಿತ್ತು. ಒಳಗೆ ಬೆಚ್ಚಗೇ ಇತ್ತು.

ಮೊದಲ ಪೆಟ್ಟಿಗೆಯಲ್ಲಿ ಹುಳುಗಳು ಅಡಗಿ ಕೂರಲೆಂದು ಇಟ್ಟಿದ್ದ ಕೋಳಿಮೊಟ್ಟೆಯ ರಟ್ಟಿನ ಟ್ರೇಯನ್ನು ಎತ್ತಿದೆ. ದೊಡ್ಡ ಹುಳುಗಳು ಅಂಗಾತ ಬಿದ್ದಿದ್ದವು. ಹಿಂಗಾಲುಗಳು ನಡುಗುತ್ತಿದ್ದವು. ಒಂದು ಹುಳು ಟ್ರೇಯ ಗುಳಿಯಿಂದ ಹೊರಬಂದು ನಾಲ್ಕು ಹೆಜ್ಜೆ ಇಟ್ಟು ಪಕ್ಕಕ್ಕೆ ವಾಲಿತು, ಎದ್ದಿತು, ಮತ್ತೆ ವಾಲಿತು. ಪೆಟ್ಟಿಗೆಯ ತಳದಲ್ಲಿ ಮರಿಗಳು ಕರಿ ಎಳ್ಳು ಚೆಲ್ಲಿದಂತೆ ಬಿದ್ದಿದ್ದವು. ಬೆರಳಿನಿಂದ ಸವರಿದರೂ ಒಂದೂ ಜಿಗಿಯಲಿಲ್ಲ.

ಒಟ್ಟು ಇಪ್ಪತ್ತೆರಡು ಪೆಟ್ಟಿಗೆಗಳಲ್ಲಿ ಹದಿನಾಲ್ಕು ಹೀಗಿದ್ದವು. ಉಳಿದ ಎಂಟರಲ್ಲಿ ಏನೂ ಆಗಿರಲಿಲ್ಲ. ಹಿಟ್ಟಿನ ಹುಳುಗಳೂ ಗೋಧಿ ಬೂಸಾದೊಳಗೆ ಆರಾಮವಾಗಿ ಹರಿದಾಡುತ್ತಿದ್ದವು. ರೋಗ ಬಂದಿದ್ದರೆ ಹೀಗೆ ಗೆರೆ ಎಳೆದಂತೆ ಬರುವುದಿಲ್ಲ. ಯಾವ ಪೆಟ್ಟಿಗೆಗೆ ಏನು ಹಾಕಿದ್ದೆವು ಎಂದು ಬರೆದಿಡುವ ಅಭ್ಯಾಸ ಆಗ ನಮಗಿರಲಿಲ್ಲ. ತಿಂದು ಉಳಿದ ಎಲೆಗಳೇ ಉತ್ತರ ಹೇಳಿದವು. ಸತ್ತ ಪೆಟ್ಟಿಗೆಗಳಲ್ಲೆಲ್ಲ ಹೂಕೋಸಿನ ಎಲೆ ಇತ್ತು. ಬದುಕಿದ ಎಂಟಕ್ಕೆ ನಮ್ಮ ಹಿತ್ತಿಲಿನ ಪಪ್ಪಾಯಿ ಹಾಕಿದ್ದೆ, ಹಿಟ್ಟಿನ ಹುಳುಗಳಿಗೆ ಕ್ಯಾರೆಟ್.

ಆ ಎಲೆ ತಂದವನು ನಾನೇ. ಓಣಂ ಹತ್ತಿರವಾಯಿತೆಂದರೆ ಕಾಸರಗೋಡಿನ ಮಾರುಕಟ್ಟೆಗೆ ಘಟ್ಟದ ತರಕಾರಿ ಲಾರಿಗಟ್ಟಲೆ ಇಳಿಯುತ್ತದೆ. ಅಂಗಡಿಯವರು ಹೂಕೋಸಿನ ಹೊರಗಿನ ಎಲೆಗಳನ್ನು ಕತ್ತರಿಸಿ ರಾಶಿ ಹಾಕುತ್ತಾರೆ. ಹಸುರಾಗಿ, ಗಟ್ಟಿಯಾಗಿ, ಒಂದು ಹುಳುಕಿಲ್ಲದೆ ಇತ್ತು. ದುಡ್ಡೂ ಕೊಡಬೇಕಾಗಿರಲಿಲ್ಲ. ಎರಡು ಗೋಣಿ ತುಂಬಿಸಿಕೊಂಡು ಬಂದು ಎರಡು ಸಲ ತೊಳೆದು ಹಾಕಿದ್ದೆ. ಒಂದು ಹುಳುವೂ ತೂತು ಮಾಡದ ಎಲೆ ಹುಳು ಸಾಕುವವನಿಗೆ ಎಚ್ಚರಿಕೆಯ ಗುರುತು. ನನಗದು ಹೊಳೆಯಲಿಲ್ಲ. ಎಲೆಕೋಸು, ಹೂಕೋಸುಗಳನ್ನು ಕಾಡುವ ವಜ್ರಬೆನ್ನಿನ ಪತಂಗ ಅನೇಕ ಕೀಟನಾಶಕಗಳಿಗೆ ಜಗ್ಗದಷ್ಟು ಒಗ್ಗಿಹೋಗಿರುವ ಕೀಟ. ಹಾಗಾಗಿ ಆ ಬೆಳೆಗೆ ಮತ್ತೆ ಮತ್ತೆ ಔಷಧಿ ಬೀಳುತ್ತದೆ. ಹೊರಗಿನ ಎಲೆಗಳ ಮೇಲೆ ಎಲ್ಲಕ್ಕಿಂತ ಹೆಚ್ಚು ಬೀಳುತ್ತದೆ.

ಆಗ ನೆನಪಾಯಿತು, ಹಿಂದಿನ ಸಂಜೆ ಅವೇ ಪೆಟ್ಟಿಗೆಗಳಿಂದ ಆರು ಡಬ್ಬ ತುಂಬಿಸಿ ಮಂಗಳೂರಿಗೆ ಕಳುಹಿಸಿದ್ದೇನೆ. ಎದೆ ಧಸಕ್ಕೆಂದಿತು. ತೆಗೆದುಕೊಳ್ಳುವವರು ಫಿಂಚ್ ಸಾಕುವ ನಿವೃತ್ತ ಮಾಷ್ಟ್ರು. ಅವರಲ್ಲಿ ಆಗ ಗೂಡಿನಲ್ಲಿ ಮರಿಗಳಿದ್ದವು.

“ಮಾಷ್ಟ್ರೇ, ನಿನ್ನೆಯ ಡಬ್ಬ ತೆರೆದಿರಾ?”

“ಇಲ್ಲ ಮಾರಾಯ, ಚಹಾ ಕುಡಿದು ತೆರೆಯಬೇಕು ಅಂತ ಇದ್ದೆ. ಏನಾಯಿತು?”

“ಹಕ್ಕಿಗಳಿಗೆ ಹಾಕಬೇಡಿ. ಇಲ್ಲಿ ಹುಳು ಸತ್ತಿವೆ. ನಾನು ಹಾಕಿದ ಸೊಪ್ಪಿನಲ್ಲಿ ವಿಷವಿತ್ತು.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಡಬ್ಬವನ್ನು ಬೆಳಕಿಗೆ ಹಿಡಿದು ನೋಡಿದರೆಂದು ಕಾಣುತ್ತದೆ. “ಇಲ್ಲಿ ಎಲ್ಲ ಓಡಾಡುತ್ತಿವೆಯಲ್ಲ?” ಎಂದರು.

ಅದೇ ದೊಡ್ಡ ಅಪಾಯ. ಸತ್ತ ಹುಳುವನ್ನು ಯಾರೂ ಹಕ್ಕಿಗೆ ಕೊಡುವುದಿಲ್ಲ. ಓಡಾಡುತ್ತಿರುವ ಹುಳುವಿನ ಹೊಟ್ಟೆಯಲ್ಲಿ ಆ ಎಲೆಯೇ ತುಂಬಿರುತ್ತದೆ, ಹುಳುವನ್ನು ತಿಂದ ಮರಿಯ ಹೊಟ್ಟೆಗೆ ಎಲೆಯೂ ಹೋಗುತ್ತದೆ. ಮಾರುವ ಮುಂಚೆ ಹುಳುಗಳಿಗೆ ಚೆನ್ನಾಗಿ ಮೇವು ಹಾಕಿ ಹೊಟ್ಟೆ ತುಂಬಿಸುವುದು ನಮ್ಮ ವೃತ್ತಿಯ ಮುಖ್ಯ ಪಾಠ, ಆ ಮೇವಿನ ಸತ್ವ ಹಕ್ಕಿಗೆ ಸಿಗಲಿ ಎಂದು. ಸತ್ವ ಹೋಗುವ ದಾರಿಯಲ್ಲೇ ವಿಷವೂ ಹೋಗುತ್ತದೆ. ಮಾಷ್ಟ್ರು ಡಬ್ಬಗಳನ್ನು ತೆರೆಯದೆ ಇಟ್ಟರು. ಆ ದಿನ ಮರಿಗಳಿಗೆ ಬೇಯಿಸಿದ ಮೊಟ್ಟೆ ಕೊಟ್ಟರಂತೆ.

ನಮ್ಮ ಮಾಲಕರು ಬಂದು ಶೆಡ್ಡಿನೊಳಗೆ ಒಂದು ಸುತ್ತು ಹಾಕಿದರು. “ಬದುಕಿರುವುದನ್ನಾದರೂ ಪ್ರತ್ಯೇಕಿಸಿ ಮಾರಬಹುದೇ?” ಎಂದು ಕೇಳಿದರು. ನಷ್ಟ ಅವರದು, ಕೇಳುವುದು ಸಹಜ. ನಾನು ಬೇಡವೆಂದೆ. ಎಲೆಯೇ ಕಾರಣ ಎಂದು ಖಚಿತವೇ ಎಂದು ಕೇಳಿದರು. ಫ್ರಿಜ್ಜಿನಲ್ಲಿ ಉಳಿದಿದ್ದ ಎಲೆಯ ತುಂಡೊಂದನ್ನು ಗಟ್ಟಿಮುಟ್ಟಾದ ಹತ್ತು ಹುಳುಗಳಿಗೆ ಹಾಕಿ, ಪಕ್ಕದ ಡಬ್ಬದಲ್ಲಿ ಬೇರೆ ಹತ್ತಕ್ಕೆ ಪಪ್ಪಾಯಿ ಹಾಕಿ ಇಟ್ಟೆವು. ರಾತ್ರಿಯಾಗುವಾಗ ಎಲೆ ತಿಂದ ಎಂಟು ಅಂಗಾತವಾಗಿದ್ದವು. ಪಪ್ಪಾಯಿಯ ಡಬ್ಬದಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ. ಮಾಲಕರು ಮತ್ತೆ ಮಾರುವ ಮಾತೆತ್ತಲಿಲ್ಲ. ಹದಿನಾಲ್ಕು ಪೆಟ್ಟಿಗೆಗಳ ಹುಳುಗಳನ್ನೂ ಫ್ರೀಜರಿಗೆ ಹಾಕಿ ಸಾಯಿಸಿ ಆಳವಾಗಿ ಗುಂಡಿ ತೋಡಿ ಮುಚ್ಚಿದೆವು. ನೆರೆಮನೆಯ ಕೋಳಿಗಳು ಆಸೆಯಿಂದ ಗುಂಡಿಯ ಸುತ್ತ ಸೇರಿದ್ದವು. ಮಣ್ಣು ಮುಚ್ಚಿ ಕಲ್ಲು ಹೇರುವವರೆಗೆ ಒಬ್ಬರು ಕೋಲು ಹಿಡಿದು ನಿಲ್ಲಬೇಕಾಯಿತು.

ಆ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅದೇ ಹೂಕೋಸನ್ನು ಊರೆಲ್ಲ ಕೊಂಡುಹೋಗಿ ಪಲ್ಯ ಮಾಡಿ ಉಂಡಿದೆಯಲ್ಲ, ಅವರಿಗೆ ಏನೂ ಆಗಲಿಲ್ಲವಲ್ಲ? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನನ್ನ ಕೆಲಸವನ್ನೇ ನಾನು ಹೊಸದಾಗಿ ಕಲಿತೆ. ತರಕಾರಿಯಲ್ಲಿ ಕೀಟನಾಶಕದ ಶೇಷ ಎಷ್ಟಿರಬಹುದು ಎಂದು ಸರಕಾರ ಮಿತಿ ಹಾಕುತ್ತದೆ, ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು. ಮಿತಿಯೊಳಗಿದ್ದರೆ ತಿನ್ನಲು ಅಡ್ಡಿಯಿಲ್ಲ ಎನ್ನುವುದು ಮನುಷ್ಯರ ಲೆಕ್ಕ. ಹುಳುವನ್ನು ಕೊಲ್ಲಲೆಂದೇ ಮಾಡಿದ ವಸ್ತುವಿಗೆ ಹುಳುವಿನ ಲೆಕ್ಕದಲ್ಲಿ ಮಿತಿ ಹಾಕುವವರು ಯಾರು?

ಒಂದು ಲೆಕ್ಕ ಮಾಡಿ ನೋಡಿ. ಎಲೆಯಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕಿಲೋಗೆ ಅರ್ಧ ಮಿಲಿಗ್ರಾಂ ಇದೆ ಎಂದುಕೊಳ್ಳಿ. ಒಂದು ಗ್ರಾಂ ಎಲೆಯಲ್ಲಿ 500 ನ್ಯಾನೋಗ್ರಾಂ ಆಯಿತು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಒಂದು ಜೇನುನೊಣ ಸಾಯಲು ಕೆಲವು ನ್ಯಾನೋಗ್ರಾಂಗಳಿಂದ ಕೆಲವು ಹತ್ತು ನ್ಯಾನೋಗ್ರಾಂಗಳವರೆಗೆ ಹೊಟ್ಟೆಗೆ ಹೋದರೆ ಸಾಕು. ಅರುವತ್ತು ಕಿಲೋ ತೂಕದ ಮನುಷ್ಯನಿಗೆ ಲೆಕ್ಕಕ್ಕೇ ಬಾರದ ಆ ಒಂದು ಗ್ರಾಂ ಎಲೆ ಹುಳುವಿನ ಪಾಲಿಗೆ ಹಲವು ಸಾವು. ಮೊಟ್ಟೆಯೊಡೆದು ಬಂದ ಜೀರುಂಡೆ ಮರಿಯ ತೂಕವೇ ಒಂದು ಮಿಲಿಗ್ರಾಂ ಆಸುಪಾಸು. ಅವು ಮೊದಲು ಸತ್ತದ್ದರಲ್ಲಿ ಆಶ್ಚರ್ಯವಿಲ್ಲ.

ತೊಳೆದರೂ ಏಕೆ ಹೋಗಲಿಲ್ಲ? ಎಲೆಯ ಮೇಲೆ ಕುಳಿತ ಔಷಧಿಯಾದರೆ ಹುಣಸೆ ನೀರಿನಲ್ಲೋ ಉಪ್ಪು ನೀರಿನಲ್ಲೋ ನೆನೆಸಿ ಉಜ್ಜಿದಾಗ ಒಂದು ಪಾಲು ಹೋಗುತ್ತದೆ. ಕ್ಯಾರೆಟ್ ಆದರೆ ಸಿಪ್ಪೆ ಹೆರೆದಾಗ ಇನ್ನಷ್ಟು ಹೋಗುತ್ತದೆ. ಇಮಿಡಾಕ್ಲೋಪ್ರಿಡ್‌ನಂಥದ್ದನ್ನು ಗಿಡವೇ ಹೀರಿಕೊಂಡು ತನ್ನ ರಸದಲ್ಲಿ ಒಯ್ಯುತ್ತದೆ. ಅದನ್ನು ಯಾವ ನೀರಿನಲ್ಲಿ ತೊಳೆಯುವುದು?

ಕಾಸರಗೋಡಿನವರಿಗೆ ಇದನ್ನು ಬೇರೆ ಊರಿನವರು ಬಂದು ಕಲಿಸಬೇಕಾಗಿಲ್ಲ. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಯನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ನನ್ನ ದೊಡ್ಡಪ್ಪ ಜೇನು ಸಾಕುತ್ತಿದ್ದರು. ಹೆಲಿಕಾಪ್ಟರ್ ಹಾರಿದ ಮರುದಿನ ಪೆಟ್ಟಿಗೆಯ ಮುಂದೆ ನೊಣಗಳು ರಾಶಿ ಬಿದ್ದಿದ್ದನ್ನು ಎಷ್ಟೋ ಸಲ ಹೇಳಿದ್ದಾರೆ. ಮಕ್ಕಳ ಕಾಯಿಲೆಗಳು ಪತ್ರಿಕೆಗೆ ಬಂದದ್ದು ವರ್ಷಗಳ ಮೇಲೆ. ನಮ್ಮ ಮನೆಯಲ್ಲಿ ಆ ಸುದ್ದಿಯನ್ನು ನೊಣಗಳು ಮೊದಲೇ ಹೇಳಿದ್ದವು. ಚಿಕ್ಕವನಾಗಿದ್ದಾಗ ಕೇಳಿ ಮರೆತಿದ್ದ ಆ ಮಾತು ಸತ್ತ ಜೀರುಂಡೆಗಳನ್ನು ಬಾಚುವಾಗ ನೆನಪಾಯಿತು.

ಇನ್ನು ಮುಂದೆ ಊರಿನ ತರಕಾರಿ ಮಾತ್ರ ಎಂದು ತೀರ್ಮಾನಿಸಿದೆವು. ಇಲ್ಲಿಯೂ ನಾನು ಎಡವಿದೆ, ಅದನ್ನೂ ಹೇಳಬೇಕು. ಹತ್ತಿರದ ಮನೆಯ ಅಕ್ಕ ಒಬ್ಬರು ಹರಿವೆ ಬೆಳೆಯುತ್ತಾರೆ. “ಅಕ್ಕಾ, ಮದ್ದು ಬಿಡುತ್ತೀರಾ?” ಎಂದು ಕೇಳಿದೆ. “ಇಲ್ಲಪ್ಪ, ನಾವು ತಿನ್ನುವುದಕ್ಕೆ ಮದ್ದು ಬಿಡುವುದುಂಟೇ?” ಎಂದರು. ದಿನಾ ಒಂದು ಕಟ್ಟು ತಂದೆ. ನಾಲ್ಕು ದಿನ ಏನೂ ಆಗಲಿಲ್ಲ. ಒಂದು ವಾರದ ಹೊತ್ತಿಗೆ ಮರಿಗಳು ಪೊರೆ ಕಳಚುವಾಗ ಸಿಕ್ಕಿಹಾಕಿಕೊಳ್ಳತೊಡಗಿದವು. ತಲೆ, ಎದೆ ಹೊರಬಂದಿರುತ್ತಿತ್ತು, ಹಿಂಗಾಲು ಹಳೆಯ ಪೊರೆಯಲ್ಲೇ ಉಳಿದಿರುತ್ತಿತ್ತು. ಹಾಗೆಯೇ ಎಳೆದಾಡಿ ಸಾಯುತ್ತಿದ್ದವು.

ಮತ್ತೆ ಅಕ್ಕನ ಮನೆಗೆ ಹೋದೆ. ಸುಳ್ಳು ಹೇಳುವವರಲ್ಲ ಅವರು. ಜಗಲಿಯಲ್ಲಿ ಪಂಪು ಇತ್ತು. ಕೇಳಿದಾಗ “ಅದು ಬೇವಿನೆಣ್ಣೆ ಬೆಳ್ಳುಳ್ಳಿಯದ್ದು, ಕೃಷಿ ಭವನದವರೇ ಹೇಳಿಕೊಟ್ಟದ್ದು” ಎಂದರು. ಒಂದು ಲೀಟರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, ಸ್ವಲ್ಪ ಸಾಬೂನು. ಅವರ ಮಟ್ಟಿಗೆ ಅದು ಮದ್ದಲ್ಲ, ಕಷಾಯ. ಮನುಷ್ಯರಿಗೆ ಅದರಿಂದ ಅಪಾಯ ಕಡಿಮೆಯೇ. ಆದರೆ ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೆಲಸ ಮಾಡುವುದೇ ಹುಳುಗಳ ಪೊರೆ ಕಳಚುವ ವ್ಯವಸ್ಥೆಯನ್ನು ಕೆಡಿಸಿ. ಹೊಗೆಸೊಪ್ಪಿನ ಕಷಾಯವೂ ಅಷ್ಟೇ. ಅದರ ನಿಕೋಟಿನ್ ಹುಳುವಿನ ನರಕ್ಕೆ ಹೊಡೆಯುತ್ತದೆ. ನಿಯೋನಿಕೋಟಿನಾಯ್ಡ್ ಎಂಬ ಗುಂಪಿಗೆ, ಅಂದರೆ ಇಮಿಡಾಕ್ಲೋಪ್ರಿಡ್‌ನ ಕುಟುಂಬಕ್ಕೆ, ಹೆಸರು ಬಂದದ್ದೇ ನಿಕೋಟಿನ್‌ನಿಂದ. ಸಾವಯವ ಎಂಬ ಚೀಟಿ ನೋಡಿ ಹುಳುವಿಗೆ ಮೇವು ಆರಿಸುವಂತಿಲ್ಲ.

ತಪ್ಪು ನಾನು ಕೇಳಿದ ಪ್ರಶ್ನೆಯಲ್ಲಿತ್ತು. ಈಗ “ಮದ್ದು ಬಿಡುತ್ತೀರಾ” ಎಂದು ಕೇಳುವುದೇ ಇಲ್ಲ. “ಈ ಗಿಡದ ಮೇಲೆ ನೀರು ಬಿಟ್ಟು ಬೇರೆ ಏನು ಬಿದ್ದಿದೆ, ಯಾವಾಗ ಬಿದ್ದಿದೆ?” ಎಂದು ಕೇಳುತ್ತೇನೆ. ಪಕ್ಕದ ತೋಟದಲ್ಲಿ ಯಾರಾದರೂ ಏನಾದರೂ ಸಿಂಪಡಿಸಿದರೇ ಎಂದೂ ಕೇಳುತ್ತೇನೆ. ಗಾಳಿ ಬೇಲಿ ನೋಡುವುದಿಲ್ಲ. ಅಕ್ಕ ಈಗ ಒಂದು ಸಾಲು ಹರಿವೆಯನ್ನು ನಮಗೆಂದೇ ಬೇರೆಯಾಗಿ ಬಿತ್ತುತ್ತಾರೆ. ಅದಕ್ಕೆ ಕಷಾಯವೂ ಇಲ್ಲ. ಎಲೆಯ ತುಂಬ ತೂತು. ಆ ತೂತುಗಳನ್ನು ಕಂಡರೆ ನನಗೆ ಸಮಾಧಾನ.

ಉಳಿದ ಮಾರ್ಪಾಡುಗಳು ಸಣ್ಣವು. ಶೆಡ್ಡಿನಲ್ಲಿ ಸೊಳ್ಳೆ ಬತ್ತಿ ಇಲ್ಲ. ಇರುವೆಗೆ ಚಾಕ್‌ಪೀಸಿನ ಗೆರೆ ಇಲ್ಲ, ಮೇಜಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿ ಇಡುತ್ತೇವೆ. ಮೊಟ್ಟೆ ಇಡಿಸುವ ತೆಂಗಿನ ನಾರಿನ ಹುಡಿ ಎಲ್ಲಿಂದ ಬಂತು ಎಂಬುದೂ ಪುಸ್ತಕದಲ್ಲಿ ಇರುತ್ತದೆ. ಪೆಟ್ಟಿಗೆಯ ಸಂಖ್ಯೆ, ಮೇವು, ತಂದ ದಿನ, ತಂದ ಮನೆ ಎಲ್ಲವನ್ನೂ ಬರೆಯುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಬಾಗಿಲ ಬಳಿ ಇಟ್ಟಿರುವ ಒಂದು ಪ್ಲಾಸ್ಟಿಕ್ ಡಬ್ಬ. ಹೊಸ ಮೇವು ಯಾವುದೇ ಇರಲಿ, ಮೊದಲು ಅದರಲ್ಲಿರುವ ಇಪ್ಪತ್ತು ಮರಿಗಳಿಗೆ ಹಾಕುತ್ತೇನೆ. ಎರಡು ರಾತ್ರಿ ಕಳೆಯಬೇಕು. ಹೊಸ ಮನೆಯ ಸೊಪ್ಪಾದರೆ ಮರಿಗಳು ಒಮ್ಮೆ ಪೊರೆ ಕಳಚುವವರೆಗೆ ಕಾಯುತ್ತೇನೆ. ಇಪ್ಪತ್ತು ಜೀವಗಳನ್ನು ಹೀಗೆ ಪಣಕ್ಕಿಡುವುದು ನನಗೆ ಇಷ್ಟದ ಕೆಲಸವಲ್ಲ, ಆದರೆ ಸಾವಿರಾರು ಸತ್ತದ್ದನ್ನು ಬಾಚಿದ ಮೇಲೆ ಬೇರೆ ದಾರಿ ಕಾಣಲಿಲ್ಲ. ನಡುವೆ ಒಮ್ಮೆ ಅಲಸಂಡೆಯಲ್ಲೂ ಒಮ್ಮೆ ಕೊತ್ತಂಬರಿ ಸೊಪ್ಪಿನಲ್ಲೂ ಮರಿಗಳು ಬಿದ್ದವು. ಎರಡೂ ಸಲ ಪೆಟ್ಟಿಗೆಗಳು ಉಳಿದವು. ಆ ಕೊತ್ತಂಬರಿಯ ಇನ್ನೊಂದು ಕಟ್ಟು ನಮ್ಮ ಮನೆಯ ಅಡುಗೆಮನೆಯಲ್ಲಿತ್ತು. ಅಮ್ಮನಿಗೆ ಫೋನು ಮಾಡಿ ಸಾರಿಗೆ ಹಾಕಬೇಡಿ ಎಂದೆ. ಏಕೆ ಎಂದು ಅವರು ಕೇಳಲಿಲ್ಲ.

ಮಾಷ್ಟ್ರು ಈಗಲೂ ನಮ್ಮಲ್ಲೇ ಕೊಳ್ಳುತ್ತಾರೆ. ಡಬ್ಬ ತಲುಪಿದ ದಿನ ಫೋನು ಮಾಡಿ “ಈ ಸಲ ಏನು ಮೇವು?” ಎಂದು ಕೇಳುತ್ತಾರೆ, ನಾನು ಪುಸ್ತಕ ನೋಡಿ ಓದಿ ಹೇಳುತ್ತೇನೆ. ನಿನ್ನೆ ಒಬ್ಬರು ಹೊಸಬರು ನುಗ್ಗೆ ಸೊಪ್ಪು ತಂದುಕೊಟ್ಟಿದ್ದಾರೆ, ಮನೆಯ ಅಂಗಳದ ಮರದ್ದಂತೆ. ಡಬ್ಬದಲ್ಲಿ ಇಪ್ಪತ್ತೂ ಮರಿಗಳು ಬೆಳಿಗ್ಗೆ ಜಿಗಿಯುತ್ತಿದ್ದವು. ಇನ್ನೂ ಪೊರೆ ಕಳಚಿಲ್ಲ.