ಕೋಡಿಬೆಂಗ್ರೆಯ ಹಾಯಿದೋಣಿ: ಹಣ ಕೊಡುವ ಮುನ್ನ ಹಿಂಬದಿ ನೋಡಿ

ಅರ್ಧ ದಿನದ ಹಾಯಿದೋಣಿ ವಿಹಾರಕ್ಕೆಂದು ತಲೆಗೆ 1,500 ರೂಪಾಯಿ ತೆಗೆದುಕೊಂಡವನು ನಮ್ಮನ್ನು ಸುವರ್ಣಾ ನದಿಯ ನಡುವೆ ನಿಲ್ಲಿಸಿಕೊಂಡು, "ಇವತ್ತು ಗಾಳಿ ಸಾಲದು ಸರ್" ಎಂದ. ದಡದ ತೆಂಗಿನ ಗರಿಗಳೆಲ್ಲ ಪೂರ್ವಕ್ಕೆ ಬಾಗಿ ಪಟಪಟ ಹೊಡೆದುಕೊಳ್ಳುತ್ತಿದ್ದವು. ಗಾಳಿ ಧಾರಾಳವಾಗಿತ್ತು. ದೋಣಿಯಲ್ಲಿ ಭಾರ ಇಟ್ಟ ಜಾಗ ಸರಿಯಿರಲಿಲ್ಲ, ಅಷ್ಟೆ. ಅದೇ ಹಣ ಕೊಟ್ಟು ಅದೇ ಮಾತು ಕೇಳಿಸಿಕೊಂಡು ಬರುವವರು ಇನ್ನೂ ಇರುತ್ತಾರೆ ಎಂದು ಇದನ್ನು ಬರೆಯುತ್ತಿದ್ದೇನೆ.

ಉಡುಪಿ ಬಳಿಯ ಕೋಡಿಬೆಂಗ್ರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ, ನಡುವೆ ಕಿರಿದಾದ ನೆಲ; ತುದಿಯಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಅಳಿವೆ. ಮಲ್ಪೆ ಕಡಲತೀರದ ಜನಜಂಗುಳಿ ನನಗೆ ಸಹಿಸಲಾಗದು. ಸೊಳ್ಳೆ, ಸೆಕೆ, ಬಸ್ಸಿನಲ್ಲಿ ನಿಂತುಕೊಂಡು ಬರುವುದು, ಇವೆಲ್ಲ ನನಗೆ ಲೆಕ್ಕಕ್ಕಿಲ್ಲ. ನೀವು ಇದಕ್ಕೆ ತಿರುವುಮುರುವಾದರೆ ನನ್ನ ಸಲಹೆಯನ್ನೂ ತಿರುಗಿಸಿಯೇ ಓದಿಕೊಳ್ಳಿ.

ದೋಣಿ ನಾಲ್ಕು ಮೀಟರಿನಷ್ಟು ಉದ್ದದ ಫೈಬರ್ ದೋಣಿ, ಒಂದೇ ಹಾಯಿ. ಹಿಂಬದಿಯಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್, ಲಂಗರು, ಅದರ ಹಗ್ಗ, "ಗಾಳಿ ನಿಂತರೆ ಬೇಕಲ್ಲ" ಎಂದು ತಂದ ಹಳೆಯ ಮೋಟಾರು, ಅದರ ಪಕ್ಕದಲ್ಲಿ ಚುಕ್ಕಾಣಿ ಹಿಡಿದ ಆತ. ನನ್ನನ್ನೂ ಹೆಂಡತಿಯನ್ನೂ ಆತನ ಮುಂದೆಯೇ ಕೂರಿಸಿದ. ಮುಂದೆ, ಹಾಯಿ ಕಟ್ಟುವ ಕಂಬವಾದ ಕೂವೆಮರದ ಬಳಿ, ಯಾರೂ ಇಲ್ಲ. ತೊಂಬತ್ತು ಕಿಲೋ ತೂಗುವ ಭಾವಮೈದುನ ಎಲ್ಲಿ ಕೂರಬೇಕೆಂದು ಕೇಳಿದ್ದಕ್ಕೆ, "ಎಲ್ಲಿ ಬೇಕಾದರೂ ಕೂತುಕೊಳ್ಳಿ" ಎಂಬ ಉತ್ತರ ಬಂತು. ಈ ಉತ್ತರ ಕೇಳಿದರೆ ನೀವು ಅಲ್ಲಿಯೇ ಇಳಿದುಬಿಡಿ.

ಹಿಂಬದಿ ಮುಳುಗಿದರೆ ಏನಾಗುತ್ತದೆ? ದೋಣಿಯ ಹಿಂದಿನ ಚಪ್ಪಟೆ ಹಲಗೆ ನೀರಿನೊಳಗೆ ಇಳಿದು, ದೋಣಿ ನೀರನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಗುಳುಗುಳು ಸದ್ದು ಕೇಳಿಸುತ್ತದೆ, ಹಿಂದೆ ಸುಳಿ ಕಾಣುತ್ತದೆ. ಮೂತಿ ಮೇಲೆದ್ದು ನಿಲ್ಲುವುದರಿಂದ ಗಾಳಿ ಅದನ್ನೇ ಪಕ್ಕಕ್ಕೆ ತಳ್ಳುತ್ತದೆ. ಗಾಳಿಗೆ ಎದುರಾಗಿ ದೋಣಿ ತಿರುಗಿಸಲು ಹೋದಾಗಲೆಲ್ಲ ಅರ್ಧಕ್ಕೇ ನಿಂತು ವಾಪಸಾಗುತ್ತದೆ. ನಮಗೆ ಆದದ್ದು ಅದೇ. ಇಷ್ಟರ ಮೇಲೆ ಭಾವಮೈದುನ ಗಾಳಿ ಬೀಸಿ ಹೋಗುವ ಕಡೆಯ ಅಂಚಿನಲ್ಲಿ ಕೂತಿದ್ದ. ಆ ಬದಿಗೆ ಹೆಚ್ಚು ವಾಲಿದ ದೋಣಿ ತಾನಾಗಿ ಗಾಳಿಯ ಕಡೆಗೆ ಮೂತಿ ತಿರುಗಿಸುತ್ತದೆ. ಅದನ್ನು ತಡೆಯಲು ಚುಕ್ಕಾಣಿಯನ್ನು ಎಳೆದು ಹಿಡಿಯಬೇಕು, ಎಳೆದು ಹಿಡಿದ ಚುಕ್ಕಾಣಿ ಬ್ರೇಕಿನ ಕೆಲಸ ಮಾಡುತ್ತದೆ. ತಳದಲ್ಲಿ ಸೇರಿದ ನೀರೂ ತಗ್ಗಿದ ಬದಿಗೇ ಹರಿದು ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಪಾತಿದೋಣಿಯಲ್ಲಿ ಬಲೆ ತೆಗೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಸ್ವಲ್ಪ ಹೊತ್ತು ನೋಡಿ, "ಮುಂದೆ ಬನ್ನಿ ಮಾರಾಯರೇ, ಎಲ್ಲರೂ ಹಿಂದೆ ಕೂತು ನೀರು ಉಳುತ್ತೀರಾ?" ಎಂದರು. ಚುಕ್ಕಾಣಿಯವನ ಮುಖ ಸಪ್ಪಗಾಯಿತು. ಆದರೂ ದೋಣಿಯನ್ನು ದಡಕ್ಕೆ ತಂದು ಮೋಟಾರನ್ನು ಇಳಿಸಿದ. ಕ್ಯಾನ್ ಕೂವೆಮರದ ಬುಡಕ್ಕೆ, ಲಂಗರು ನಡುವಿನ ತಳಕ್ಕೆ ಹೋಯಿತು. ಹೆಂಡತಿ ಮುಂದೆ ಸರಿದಳು, ಭಾವಮೈದುನ ಗಾಳಿ ಬರುವ ಅಂಚಿಗೆ ಬಂದ. ಗುಳುಗುಳು ನಿಂತಿತು, ದೋಣಿ ಹೊರಟಿತು.

ಲೆಕ್ಕ ಸರಳ. ನಡುಗೆರೆಯಿಂದ ಒಂದು ಮೀಟರ್ ದೂರದಲ್ಲಿರುವ 20 ಕಿಲೋ, ಅರ್ಧ ಮೀಟರ್ ದೂರದ 40 ಕಿಲೋಗೆ ಸಮ. ಒಲಿಂಪಿಕ್ಸ್‌ನಲ್ಲಿ ಓಡಿಸುವ ಲೇಸರ್ (ಈಗಿನ ಹೆಸರು ಐಎಲ್‌ಸಿಎ) ಎಂಬ ಒಬ್ಬರ ದೋಣಿಯೇ ಸುಮಾರು 4.2 ಮೀಟರ್ ಉದ್ದವಿದ್ದು, ಅದರ ಒಡಲು ಸುಮಾರು 59 ಕಿಲೋ ತೂಗುತ್ತದೆ. ಕೂತವರೇ ದೋಣಿಗಿಂತ ಭಾರ. ಹಾಗಾಗಿ ಇಂಥ ದೋಣಿಯಲ್ಲಿ ಒಂದು ಗೇಣು ಸರಿದರೂ ವ್ಯತ್ಯಾಸ ತಿಳಿಯುತ್ತದೆ. ಗಾಳಿ ಮಂದವಿದ್ದಾಗ ಮುಂದೆ ಸರಿಯಿರಿ, ಹಾಯಿಯ ಕಡೆಗೆ ಚೂರೇ ಚೂರು ವಾಲಿಸಿ; ತನ್ನ ತೂಕಕ್ಕೇ ಇಳಿಬಿದ್ದು ಹಾಯಿ ಆಕಾರಕ್ಕೆ ಬರುತ್ತದೆ. ಗಾಳಿ ಜೋರಾದರೆ ಗಾಳಿ ಬರುವ ಅಂಚಿನಲ್ಲಿ ಕೂತು ದೋಣಿಯನ್ನು ನೆಟ್ಟಗಿಡಿ, ಮೂತಿ ಅಲೆಗೆ ಮುಳುಗತೊಡಗಿದರೆ ತುಸು ಹಿಂದಕ್ಕೆ ಬನ್ನಿ. ಬೆನ್ನಗಾಳಿಯಲ್ಲಿ ಎರಡೂ ಬದಿಗೆ ಹಂಚಿಕೊಂಡು ಕೂರಿ. ಸಾಮಾನು ಯಾವಾಗಲೂ ನಡುವಿನಲ್ಲಿ, ತಳದಲ್ಲಿ, ಕಟ್ಟಿಹಾಕಿ.

ಹಣ ಕೊಡುವ ಮುನ್ನ ಎಲ್ಲರನ್ನೂ ದೋಣಿಯಲ್ಲಿ ಕೂರಿಸಿ, ಒಬ್ಬರು ಮಾತ್ರ ದಡದಲ್ಲಿ ನಿಂತು ನೋಡಿ. ಹಿಂದಿನ ಹಲಗೆಯ ಕೆಳ ಅಂಚು ನೀರನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು. ನಿಂತವರೂ ಒಳಗೆ ಹತ್ತಬೇಕಲ್ಲ, ಅವರಿಗೆ ಮುಂದೆ ಜಾಗ ಬಿಟ್ಟಿರಿ.

ಹೊತ್ತಿನ ವಿಚಾರ: ಬೆಳಗ್ಗೆ ಒಂಬತ್ತಕ್ಕೇ ಬನ್ನಿ ಎನ್ನುವವರನ್ನು ನಂಬಬೇಡಿ. ಬೇಸಿಗೆಯಲ್ಲಿ ಕಡಲಗಾಳಿ ಏಳುವುದು ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ. ಇಳಿತದ ಸಮಯದಲ್ಲಿ ಅಳಿವೆಯ ಕಡೆ ಹೋಗಲೇಬೇಡಿ, ಹೊರಸೆಳೆತ ಜೋರು. ಜೂನ್, ಜುಲೈ ಅಂತೂ ಯಂತ್ರದೋಣಿಗಳ ಮೀನುಗಾರಿಕೆಗೇ ನಿಷೇಧವಿರುವ ಕಾಲ. ಆಗ ಹಾಯಿಯ ಮಾತೇ ಬೇಡ.

ಕೋಣೆಗೆ 2,800 ರೂಪಾಯಿ ತೆತ್ತೆವು. "ನದಿ ನೋಟ" ಎಂದಿದ್ದರು. ಕಿಟಕಿ ತೆರೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು. ಸ್ನಾನದ ಮನೆಯ ಮೇಲಿನ ಗಾಜುಕಂಡಿಗೆ ಕತ್ತು ಚಾಚಿದರೆ ನದಿ. ಉಡುಪಿಯಲ್ಲಿ ಉಳಿದು ಬಸ್ಸಿನಲ್ಲಿ ಬಂದು ಹೋಗುವುದೇ ವಾಸಿ.

ಊಟದ ಬಗ್ಗೆ ಮಾತ್ರ ಮನಸ್ಸು ತುಂಬಿ ಹೇಳುತ್ತೇನೆ. ಹೆಂಚಿನ ಮಾಡಿನ ಒಂದು ಮನೆಯ ಜಗಲಿಯಲ್ಲಿ ನಾಲ್ಕು ಬೆಂಚು, ಫಲಕವೂ ಇಲ್ಲ. 120 ರೂಪಾಯಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಒಂದು ಪಲ್ಯ, ಉಪ್ಪಿನಕಾಯಿ, ಮಜ್ಜಿಗೆ. ಮರುವಾಯಿ (ಚಿಪ್ಪುಮೀನು) ಸುಕ್ಕಕ್ಕೆ ಬೇರೆ ದುಡ್ಡು. ಮರುವಾಯಿಯಲ್ಲಿ ಒಂದು ಮರಳಿನ ಕಣವೂ ಹಲ್ಲಿಗೆ ಸಿಗಲಿಲ್ಲ, ತೊಳೆಯುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಸಾಧ್ಯ. ಹುಳಿ ಎಷ್ಟು ಬೇಕೋ ಅಷ್ಟು, ಖಾರ ಕಣ್ಣಲ್ಲಿ ನೀರು ಬರುವ ಮುನ್ನ ನಿಲ್ಲುವಷ್ಟು. ಭಾವಮೈದುನ ಮೂರನೆಯ ಸಲ ಅನ್ನ ಕೇಳಿದಾಗ ಅಲ್ಲಿನ ಅಮ್ಮ, "ಸಂಕೋಚ ಬೇಡ, ಬಡಿಸಿಕೊಳ್ಳಿ" ಎಂದು ಪಾತ್ರೆಯನ್ನೇ ಮುಂದಿಟ್ಟರು. ಒಂದೂವರೆಯ ಮೇಲೆ ಹೋದರೆ ಮೀನು ಮುಗಿದಿರುತ್ತದೆ. ಊಟ ಮೊದಲು, ದೋಣಿ ಆಮೇಲೆ ಎಂದು ಇಟ್ಟುಕೊಂಡರೆ ಗಾಳಿಗೂ ಸರಿಹೋಗುತ್ತದೆ.